ಕಿಟಕಿಯಲ್ಲಿ ದಾವಲಿಯ ಪಾದ

ನಮ್ಮ ಅಡುಗೆಮನೆಯ ಕಿಟಕಿಗೆ ನಾಲ್ಕು ಗಾಜು. ಈ ಸಲದ ಗಾಳಿಗೆ ಅದರಲ್ಲೊಂದು ಒಡೆಯಿತು. ಗಾಜು ಕೂರಿಸುವವನನ್ನು ಕರೆಸಬೇಕು ಎಂದು ನಾನು ಎಂಟು ದಿನ ಹೇಳುತ್ತಲೇ ಇದ್ದೆ. ಹೇಳುವುದು ನನ್ನ ಕೆಲಸ, ಮಾಡುವುದು ತಂಗಿ ದಾವಲಿಯ ಕೆಲಸ. ನಮ್ಮಿಬ್ಬರೊಳಗೆ ಮೊದಲಿನಿಂದಲೂ ಹೀಗೇ ನಡೆದುಬಂದಿದೆ. ಒಂಬತ್ತನೇ ದಿನ ಬೆಳಿಗ್ಗೆ ಚಹಾಕ್ಕೆ ನೀರಿಡಲು ಹೋದೆ. ಒಡೆದ ಗಾಜಿನ ಜಾಗದಲ್ಲಿ ಕಪ್ಪಗೆ ಮಿರುಗುವ ಹಾಳೆಯೊಂದು ಕೂತಿತ್ತು. ಅಂಚಿಗೆಲ್ಲ ಹಿಟ್ಟಿನ ಅಂಟು, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಮೊಳೆ. ಹೊರಗೆ ಎಳೆ ಬಿಸಿಲು ಬಿದ್ದಿತ್ತು. ಆ ಹಾಳೆಯ ನಡುವೆ ಒಂದು ಪಾದದ ಎಲುಬುಗಳು ಬೆಳ್ಳಗೆ ಬೆಳಗುತ್ತಿದ್ದವು. ಪಾದವನ್ನು ಹಿಡಿದುಕೊಂಡ ನಾಲ್ಕು ಬೆರಳಿನ ಎಲುಬುಗಳೂ ಅದರಲ್ಲಿದ್ದವು.

ನನ್ನ ಕೈಯಲ್ಲಿದ್ದ ಪಾತ್ರೆ ಕೆಳಗೆ ಬಿತ್ತು. ಸದ್ದಿಗೆ ದಾವಲಿ ಕಾಲೆಳೆಯುತ್ತಾ ಬಂದಳು.

"ಏನಾತಕ್ಕಾ? ಬೆಕ್ಕು ಬಂತೇನ?"

"ಇದನ್ನ್ಯಾಕ ಇಲ್ಲಿ ಹಚ್ಚೀದಿ?"

"ಅಪ್ಪನ ಟ್ರಂಕಿನ್ಯಾಗ ಸುಮ್ಮನ ಬಿದ್ದಿತ್ತು. ಮಳಿ ಬರೂದಿಲ್ಲ, ಬೆಕ್ಕು ಬರೂದಿಲ್ಲ, ಬೆಳಕಷ್ಟ ಬರತೈತಿ. ನಂದಽ ಕಾಲು, ನಂದಽ ಕಿಡಕಿ. ನೀ ಯಾಕ ಹಿಂಗ ಅಂಜತಿ?"

ಆಕೆ ಹೇಳಿದ್ದು ಸುಳ್ಳಲ್ಲ. ಕಾಲು ಆಕೆಯದೇ. ಬೆರಳು ಮಾತ್ರ ನನ್ನವು.

ಅವತ್ತಿನಿಂದ ನಾನು ಕಿಟಕಿಗೆ ಬೆನ್ನು ಮಾಡಿ ಚಹಾ ಕುಡಿಯುತ್ತೇನೆ. ಬೆನ್ನು ಮಾಡಿದರೂ ಅದು ಬಿಡುವುದಿಲ್ಲ. ಬಿಸಿಲು ಏರಿದಂತೆ ಹಾಳೆಯ ಬೆಳಕು ಗೋಡೆಯಿಂದ ಇಳಿದು, ಹಿಟ್ಟಿನ ಡಬ್ಬಿಯ ಮೇಲೆ ಹಾಯ್ದು, ನನ್ನ ಮಗ್ಗುಲಿಗೇ ಬಂದು ಕೂಡುತ್ತದೆ. ಅರವತ್ತು ದಾಟಿದ ಹೆಂಗಸು ಒಂದು ಬೆಳಕಿನ ಚೂರಿಗೆ ಅಂಜಿ ಮಣೆ ಸರಿಸಿಕೊಂಡು ಕೂಡುವುದನ್ನು ನೀವು ನೋಡಿದ್ದರೆ ನಗುತ್ತಿದ್ದಿರಿ. ದಾವಲಿಯಂತೂ ನಗುತ್ತಾಳೆ. ಆ ನಗೆಯನ್ನು ಕೇಳಲಾರದೆ ಈ ಬರಹಕ್ಕೆ ಕೂತಿದ್ದೇನೆ. ನಾನು ಶಾಲೆ ಕಲಿತದ್ದು ಎರಡನೇ ಇಯತ್ತೆಯವರೆಗೆ. ಒತ್ತಕ್ಷರ ಬಂದಲ್ಲಿ ಈಗಲೂ ನನ್ನ ಪೆನ್ನು ನಿಂತು ಯೋಚಿಸುತ್ತದೆ. ನಿಧಾನವಾಗಿ ಬರೆಯುತ್ತೇನೆ, ನೀವೂ ನಿಧಾನವಾಗಿ ಓದಿರಿ.

ನಾವು ಹಳೇ ಹುಬ್ಬಳ್ಳಿಯ ಪಿಂಜಾರರು. ಹತ್ತಿ ಬಡಿದು ಗಾದಿ, ತಲೆದಿಂಬು ಹೊಲಿಯುವ ಜನ. ನಮ್ಮ ಮನೆಯ ಮುಂದಿನ ಕೋಣೆ ಹತ್ತಿಯದು, ಹಿಂದಿನದು ನಮ್ಮದು. ಅಪ್ಪ ಬೆಳಿಗ್ಗೆ ಹತ್ತಿ ಬಡಿಯುವ ಬಿಲ್ಲು ಹಿಡಿದು ಕೂತನೆಂದರೆ ಅದರ ನರ ಧುಂಯ್ ಧುಂಯ್ ಎಂದು ಶುರುವಾಗಿ ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ. ನಮ್ಮ ಓಣಿಯ ಕೂಸುಗಳು ಜೋಗುಳ ಕೇಳದೆಯೂ ಮಲಗುತ್ತಿದ್ದವು. ಊಟಕ್ಕೆ ಎದ್ದು ಬರುವಾಗ ಅಪ್ಪನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. "ಮುಖಾ ತೊಳ್ಕೊಂಡು ಬರ್ರಿ, ಮುದುಕನ ಕೂಡ ನಾ ಸಂಸಾರ ಮಾಡೂದಿಲ್ಲ" ಎಂದು ಅವ್ವ ದಿನಾ ಹೇಳುವಳು. ಅಪ್ಪ ದಿನಾ ಹೊಸದಾಗಿ ನಗುವನು.

ಬಡಿದ ಹತ್ತಿಯನ್ನು ಅಪ್ಪ ಒಂದು ಹಿಡಿ ಎತ್ತಿ, ತೆಳ್ಳಗೆ ಹರಡಿ, ಬಾಗಿಲ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಚೆನ್ನಾಗಿ ಅರಳಿದ ಹತ್ತಿಯಲ್ಲಿ ಬಿಸಿಲು ಸಲೀಸಾಗಿ ದಾಟುತ್ತದೆ. ಗಂಟು ಇದ್ದಲ್ಲಿ ಕಪ್ಪಗೆ ಕಾಣುತ್ತದೆ. ಬೀಜದ ಚೂರು ಇದ್ದರೆ ಇನ್ನೂ ಕಪ್ಪಗೆ. ಇದನ್ನು ನೆನಪಿಟ್ಟುಕೊಳ್ಳಿರಿ. ನನಗಂತೂ ಈ ಮಾತು ಬೇರೊಂದು ಕೋಣೆಯಲ್ಲಿ, ಬೇರೊಬ್ಬರ ಬಾಯಿಂದ ಮತ್ತೆ ಕೇಳುವ ಹಣೆಬರಹವಿತ್ತು.

ಅಪ್ಪನಿಗೆ ಸಿಟ್ಟು ಕಡಿಮೆ, ಕಟ್ಟುಪಾಡು ಒಂದೇ. ಹತ್ತಿಯ ಕೋಣೆಯೊಳಗೆ ಸಣ್ಣ ಸೂಜಿ ಬರಕೂಡದು. ಗಾದಿ ಹೊಲಿಯುವ ದಬ್ಬಣ ಗೇಣುದ್ದ, ಕಡ್ಡಿ ದಪ್ಪ. ಬಿದ್ದರೆ ಸಿಗುತ್ತದೆ, ಕೂತರೆ ತಿಳಿಯುತ್ತದೆ. ಸಣ್ಣ ಸೂಜಿ ಹತ್ತಿಯೊಳಗೆ ಬಿತ್ತೆಂದರೆ ಸಿಗುವುದಿಲ್ಲ. ಯಾರದೋ ಗಾದಿಯೊಳಗೆ ಸೇರಿ ಯಾವ ಬಾಣಂತಿಯ ಬೆನ್ನಿಗೋ, ಯಾವ ಕೂಸಿನ ತಲೆಗೋ ಹೋಗುತ್ತದೆ. "ಹತ್ತೀನ ನಂಬಿ ಜನಾ ಕಣ್ಣು ಮುಚ್ಚತಾರ" ಎನ್ನುತ್ತಿದ್ದ ಅಪ್ಪ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು ಇದು. ನನಗೆ ಹದಿನಾರು, ದಾವಲಿಗೆ ಎಂಟು. ನನ್ನ ಲಗ್ನ ಗಟ್ಟಿಯಾಗಿತ್ತು. ಗಂಡನ ಮನೆಗೆ ಒಯ್ಯುವ ದಿಂಬಿನ ಚೀಲಕ್ಕೆ ಕಸೂತಿ ಹಾಕಲೆಂದು ಅಪ್ಪ ತಾನೇ ದುರ್ಗದಬೈಲಿನ ಪೇಟೆಗೆ ಹೋಗಿ ಒಂದು ತೆಳ್ಳನೆಯ ಸೂಜಿ ತಂದುಕೊಟ್ಟಿದ್ದ. ಕೊಡುವಾಗ, "ಹಿಂದಿನ ಕೋಣ್ಯಾಗ ಅಷ್ಟ" ಎಂದಿದ್ದ. ನಾನು ತಲೆಯಾಡಿಸಿದ್ದೆ.

ಹಿಂದಿನ ಕೋಣೆ ಕತ್ತಲೆ. ನಾನು ಹಾಕುತ್ತಿದ್ದುದು ಗಿಳಿ. ಕತ್ತಲೆಯಲ್ಲಿ ಅದು ಕೋಳಿಯಾಗುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ್ದಾಗ ಬೆಳಕಿನ ಆಸೆಗೆ ಮುಂದಿನ ಕೋಣೆಗೆ ಹೋಗಿ, ಹತ್ತಿಯ ರಾಶಿಗೆ ಆನಿಸಿ ಕೂತೆ. ಯಾರದೋ ಮದುವೆಯ ಗಾದಿಗಳಿಗೆ ಅರಳಿಸಿದ ಹತ್ತಿ, ಎದೆಮಟ್ಟ ಇತ್ತು. ಗಿಳಿಗೆ ಕೊಕ್ಕು ಬಂತು. ಅಷ್ಟರಲ್ಲಿ ಅವ್ವ ಕರೆದಳು. ಎದ್ದು ಹೋಗಿ ಬಂದು ನೋಡಿದರೆ ಕೊಕ್ಕಿನಿಂದ ದಾರ ಜೋತಾಡುತ್ತಿತ್ತು, ದಾರದ ತುದಿಯಲ್ಲಿ ಸೂಜಿ ಇರಲಿಲ್ಲ.

ಅಂಗೈ ಊರಿ ಊರಿ ಹುಡುಕಿದೆ. ಸಿಗಲಿಲ್ಲ. ಅಪ್ಪ ಒಳಗೆ ಮಲಗಿದ್ದ, ಎಬ್ಬಿಸಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಪಕ್ಕದ ಮನೆಯ ಗಾಣಿಗರ ನೀಲವ್ವನ ಹತ್ತಿರ ಹೋಗಿ ಅಂಥದ್ದೇ ಒಂದು ಸೂಜಿ ಇಸಿದುಕೊಂಡು ಬಂದೆ. ನಾಳೆ ಬಿಲ್ಲು ಬಡಿದಾಗ ಸೂಜಿ ತಾನೇ ಹಾರಿ ಬೀಳುತ್ತದೆ, ಆಗ ನಾನೇ ಮೊದಲು ನೋಡಿ ಎತ್ತಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿದೆ.

ಮರುದಿನ ಬಿಲ್ಲಿಗಿಂತ ಮೊದಲು ದಾವಲಿ ಎದ್ದಳು. ಎದ್ದವಳೇ ಹತ್ತಿಯ ರಾಶಿಗೆ ಜಿಗಿಯುವುದು ಆಕೆಯ ರೂಢಿ. ನನಗೆ ಆ ರೂಢಿ ಗೊತ್ತಿತ್ತು. ಆಕೆ ಹುಟ್ಟಿ ನಡೆಯಲು ಕಲಿತಾಗಿನಿಂದ ಗೊತ್ತಿತ್ತು.

ಕೂಗು ಕೇಳಿ ಮೊದಲು ಓಡಿದವಳು ನಾನೇ. ಎಡಗಾಲಿನ ಅಂಗಾಲಿನಲ್ಲಿ, ಬೆರಳುಗಳ ಬುಡದ ಹಿಂದೆ, ಸಾಸಿವೆಯಷ್ಟು ಕೆಂಪು ಚುಕ್ಕೆ. ಹೆಬ್ಬೆರಳಿನಿಂದ ಒರೆಸಿದೆ. ಚುಕ್ಕೆ ಹೋಯಿತು, ಮತ್ತೆ ಬರಲಿಲ್ಲ. ಅಷ್ಟರಲ್ಲಿ ಅವ್ವ ಬಂದಳು.

"ಏನ್ ಕಡೀತಬೇ ಕೂಸಿಗೆ?"

"ಚೇಳು," ಎಂದೆ.

"ಎಲ್ಲಿ ಕಡೀತು?"

"ಹಿಂಬಡದ ಮ್ಯಾಲ. ನಾ ಕಣ್ಣಾರೆ ನೋಡೀನಿ."

"ಕರೇದೊ, ಕೆಂಪೊ?"

"ಕೆಂಪು."

ಇಲ್ಲದ ಚೇಳಿಗೆ ನಾನು ಬಣ್ಣವನ್ನೂ ಕೊಟ್ಟೆ. ಅಪ್ಪ ಕೋಣೆಯ ಸಾಮಾನೆಲ್ಲ ಹೊರಗೆ ಹಾಕಿ ಹುಡುಕಿದ. ಹಳೇ ಮನೆಯಲ್ಲಿ ಹುಡುಕಿದರೆ ಏನು ತಾನೇ ಸಿಗುವುದಿಲ್ಲ? ಮೂಲೆಯ ಕಲ್ಲಿನ ಕೆಳಗೆ ಖರೇ ಚೇಳೊಂದು ಸಿಕ್ಕೇ ಬಿಟ್ಟಿತು. ಆದರೆ ಅದು ಕರಿಯದು. ಅವ್ವ ನನ್ನ ಮುಖ ನೋಡಿದಳು.

"ಅಂಜಿಕ್ಯಾಗ ಬಣ್ಣಾ ಯಾರಿಗೆ ಕಾಣತೈತಿ? ಬಿಡು," ಎಂದ ಅಪ್ಪ, ಚೇಳಿನ ಮೇಲೆ ಚಪ್ಪಲಿ ಊರುತ್ತಾ.

ಚೇಳಿಗೆ ಮಂತ್ರ ಹಾಕುವವನು ಬಂದು ಬೇವಿನ ಸೊಪ್ಪಿನಿಂದ ಹಿಮ್ಮಡಿಯವರೆಗೆ ನಿವಾಳಿಸಿ ವಿಷ ಇಳಿಸಿದ. ದಾವಲಿ ಎರಡು ದಿನದಲ್ಲಿ ಓಡಾಡಿದಳು. ಸೂಜಿ ಹೊಕ್ಕಿಲ್ಲ, ಬರೇ ಚುಚ್ಚಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ದಿನಕ್ಕೆ ಪಾದ ಬಾತುಕೊಂಡಿತು. ಎಲುಬು ಕೂರಿಸುವವನು ಬಂದು ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಪಾದವನ್ನು ಒತ್ತಿ ಒತ್ತಿ ತಿಕ್ಕಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಅವನು ಒತ್ತಿದಾಗ ದಾವಲಿ ಕೂಗಿದ ಕೂಗು ಚೇಳಿನದಲ್ಲ, ಉಳುಕಿನದೂ ಅಲ್ಲ. ಅದು ಯಾವುದರ ಕೂಗು ಎಂದು ಓಣಿಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ನಾನು ಆಕೆಯ ತಲೆ ಹಿಡಿದುಕೊಂಡು, "ಸುಮ್ಮನಿರು ದಾವಲಿ, ಆತು, ಆತು" ಎನ್ನುತ್ತಿದ್ದೆ.

ಆಗಲೇ ನೀಲವ್ವ ಒಂದು ದಿನ ಅಕ್ಕಿ ಆರಿಸುತ್ತಾ ಕೂತು, ನನ್ನ ಕೈಯ ಸೂಜಿ ನೋಡಿ ಹೇಳಿದಳು: "ಜ್ವಾಕಿಬೇ ಖಾಸಿಂಬಿ. ಸೂಜಿ ಮೈಯಾಗ ಹೊಕ್ಕರ ಕುಂದರೂದಿಲ್ಲ, ನಡಕೋತ ಹೋಗತೈತಿ. ನೆತ್ತರದ ಹಾದಿ ಹಿಡದು ಎದಿಗೆ ಮುಟ್ಟತೈತಿ. ಮುಟ್ಟಿತಂದ್ರ ಮುಗೀತು."

"ಎಷ್ಟು ದಿನಕ್ಕ ಮುಟ್ಟತೈತಿ?"

"ಅದಕ್ಕೇನ ರೈಲಿನ ಟೈಮ್ ಐತೇನ? ನಡದಂಗ."

ಅವತ್ತು ಗಾದಿಯ ದಾರ ಒಂದು ಮಾರು ಕಡಿದುಕೊಂಡೆ. ದಾವಲಿಗೆ ತಲೆ ಬಾಚುವ ನೆಪದಲ್ಲಿ ಕೂರಿಸಿಕೊಂಡು, ಅಂಗಾಲಿನಿಂದ ಎದೆಯವರೆಗೆ ಅಳೆದೆ. ವಾರಕ್ಕೊಂದು ಗಂಟು ಹಾಕಿದೆ. ಸೂಜಿ ವಾರಕ್ಕೆ ನಾಲ್ಕು ಬೆರಳು ನಡೆಯುತ್ತದೆ ಎಂದು ನಾನೇ ಗೊತ್ತುಮಾಡಿದ್ದೆ. ಯಾಕೆ ನಾಲ್ಕು ಎಂದು ಕೇಳಬೇಡಿರಿ; ನನ್ನ ಗಣಿತವೂ ಎರಡನೇ ಇಯತ್ತೆಯದು. ಆ ಲೆಕ್ಕದಲ್ಲಿ ಐದನೇ ಗಂಟಿಗೆ ಅದು ಮೊಣಕಾಲು ಮುಟ್ಟಿತು.

"ಇಲ್ಲೆ ನೋವೈತೇನ?" ಎಂದು ಮೊಣಕಾಲು ಒತ್ತಿದೆ.

"ಇಲ್ಲ."

"ಇಲ್ಲೆ?"

"ನೀ ಹಂಗ ಒತ್ತಿದರ ನಿನ್ನ ಮಣಕಾಲಿಗೂ ನೋವಾಗತೈತಿ!"

ನನಗೆ ಊಟ ಸೇರದಾಯಿತು. ಬೆಳಿಗ್ಗೆ ಎದ್ದ ಕೂಡಲೇ ದಾವಲಿಯ ಎದೆಯ ಮೇಲೆ ಕಿವಿ ಇಡುತ್ತಿದ್ದೆ. ಸೂಜಿ ಬಂದರೆ ಏನು ಸದ್ದಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಆದರೂ ಕೇಳುತ್ತಿದ್ದೆ. ಲಗ್ನದ ಹುಡುಗಿಗೆ ತಂಗಿಯನ್ನು ಬಿಟ್ಟುಹೋಗುವ ಸಂಕಟ ಎಂದು ಅವ್ವ ಊರಿಗೆಲ್ಲ ಹೇಳಿದಳು.

ಆರನೇ ವಾರ ದಾವಲಿಗೆ ಜ್ವರ ಏರಿತು. ಅಪ್ಪ ಟಾಂಗಾ ಮಾಡಿಕೊಂಡು ಊರಾಚೆಯ ದೊಡ್ಡ ದವಾಖಾನೆಗೆ ಒಯ್ದ. ಡಾಕ್ಟರರು ಪಾದ ನೋಡಿ, "ನಾಳೆ ಕರಕೊಂಡು ಬರ್ರಿ, ಎಕ್ಸರೇ ಫೋಟೋ ತಗೀಬೇಕು" ಎಂದರಂತೆ. ಎಕ್ಸರೇ ಎಂಬುದು ನಮ್ಮ ಮನೆಗೆ ಗೊತ್ತಿಲ್ಲದ ಮಾತು, ಫೋಟೋ ಗೊತ್ತಿದ್ದ ಮಾತು. ಮರುದಿನ ಅವ್ವ ಆ ಜ್ವರದ ಕೂಸಿಗೆ ಎರಡು ಜಡೆ ಹೆಣೆದು, ಕಾಡಿಗೆ ಹಚ್ಚಿ, ಹಬ್ಬದ ಅಂಗಿ ತೊಡಿಸಿ, ಬೆಳ್ಳಿಯ ಕಾಲ್ಗೆಜ್ಜೆ ಹಾಕಿ ಕಳಿಸಿದಳು. ಅಪ್ಪನೂ ಟೋಪಿ ಒಗೆಸಿ ಹಾಕಿಕೊಂಡಿದ್ದ. ನೀಲವ್ವ ಮಾತ್ರ ಬಾಗಿಲಲ್ಲಿ ನಿಂತು ನನ್ನ ಕಿವಿಯಲ್ಲಿ ಹೇಳಿದಳು: "ಅದು ಮ್ಯಾಲಿನ ಫೋಟೋ ಅಲ್ಲಬೇ, ಒಳಗಿಂದು. ಉಂಡದ್ದು ತಿಂದದ್ದು ಎಲ್ಲಾ ಕಾಣತೈತಂತ. ಮನಸಿನ್ಯಾಗ ಇದ್ದದ್ದೂ ಕಾಣತೈತಿ ಅಂತಾರ."

ನಾನು ಹೋಗುವುದಿಲ್ಲ ಎಂದೆ. ಆದರೆ ದಾವಲಿ ನನ್ನ ಸೆರಗು ಬಿಡಲಿಲ್ಲ.

ಟಾಂಗಾದಲ್ಲಿ ಹೋಗುವಾಗ ನನ್ನೊಳಗೆ ಎರಡು ಅಂಜಿಕೆಗಳು ಒಂದರ ಮೇಲೊಂದು ಕೂತಿದ್ದವು. ಯಂತ್ರಕ್ಕೆ ಎಲ್ಲ ಕಂಡರೆ ನನ್ನ ಸುಳ್ಳು ಬಯಲಾಗುತ್ತದೆ. ಕಾಣದಿದ್ದರೆ ದಾವಲಿ ಸಾಯುತ್ತಾಳೆ. ಕಡೆಗೆ ಒಂದು ಸಮಾಧಾನ ಹುಡುಕಿಕೊಂಡೆ. ಕಾಣಲಿ. ಯಂತ್ರವೇ ಹೇಳಿಬಿಡಲಿ. ನಾನು ಬಾಯಿ ತೆರೆಯುವ ಕೆಲಸ ತಪ್ಪುತ್ತದೆ.

ಆ ಕೋಣೆ ಹಗಲು ಹೊತ್ತಿನಲ್ಲೂ ಕತ್ತಲೆ. ಕಿಟಕಿಗಳಿಗೆ ದಪ್ಪ ಕಪ್ಪು ಪರದೆ. ನಡುವೆ ಕಟ್ಟಿಗೆಯ ಮೇಜು, ಅದರ ಮೇಲೆ ಕಬ್ಬಿಣದ ಕಂಬಕ್ಕೆ ತೂಗುಹಾಕಿದ ಡಬ್ಬಿ, ಡಬ್ಬಿಯೊಳಗೆ ಗಾಜಿನ ಬುರುಡೆ. ಮಾಡಿನಿಂದ ಇಳಿದು ಬಂದ ತಂತಿಗಳು ಬತ್ತಲೆಯಾಗಿಯೇ ಇದ್ದವು. "ತಲಿ ಮ್ಯಾಲ ಕೈ ಎತ್ತಬ್ಯಾಡ್ರಿ" ಎಂದರು ಫೋಟೋ ಮಾಸ್ತರರು. ಯಂತ್ರ ನಡೆಸುವ ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಧಾರವಾಡದ ಕಡೆಯ ಮಾತು, ವಯಸ್ಸಾದ ಮನುಷ್ಯ. ಅವರ ಕೈ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಬೆರಳ ತುದಿಗಳು ಒಣಗಿ ಬಿರುಕುಬಿಟ್ಟಿದ್ದವು, ಉಗುರುಗಳು ಕಪ್ಪಗೆ ಮುದುಡಿದ್ದವು.

ಅಪ್ಪನನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸಿದರು. ದಾವಲಿಯ ಗೆಜ್ಜೆ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. "ಇದು ಇದ್ದರ ನಿನ್ನ ಗೆಜ್ಜಿದಽ ಫೋಟೋ ಬರ್ತದವ್ವಾ, ಕಾಲಿಂದಲ್ಲ." ದಾವಲಿ ನಗಲಿಲ್ಲ.

"ತಂಗೀ, ನೀ ಆಕಿ ಕಾಲು ಹಿಡಕೋಬೇಕು. ಕೂಸು ಅಲುಗಿದರ ಪಟಾ ಮಬ್ಬಾಗ್ತದ. ನಾನಽ ಹಿಡೀತಿದ್ದೆ, ನನ್ನ ಕೈಗೆ ಈ ಬೆಳಕು ಸಾಕಾಗೇದ. ನಿಂದು ಒಂದೆರಡು ಸರ್ತಿ, ಏನೂ ಆಗೂದಿಲ್ಲ."

"ಏನ್ ಬೆಳಕ್ರಿ ಅದು?"

"ಕಣ್ಣಿಗೆ ಕಾಣೂದಿಲ್ಲ. ಆ ಬುರುಡಿಯೊಳಗ ಹುಟ್ತದ." ಅವರು ನನ್ನ ಬಟ್ಟೆಗೆ ಅಂಟಿದ ಹತ್ತಿಯ ಎಳೆ ನೋಡಿದರು. "ನೀವು ಪಿಂಜಾರರಽ? ಹಂಗಾರ ನಿಮಗ ಹೇಳೂದು ಹಗುರ. ಹತ್ತಿ ಬಿಸಿಲಿಗೆ ಹಿಡದು ಗಂಟು ನೋಡ್ತೀರಲ್ಲ, ಅಷ್ಟಽ ಇದು. ಮಾಂಸ ಅಂದರ ಅರಳಿದ ಹತ್ತಿ, ಈ ಬೆಳಕು ಅದನ್ನ ದಾಟ್ತದ. ಎಲುಬು ಅಂದರ ಗಂಟು, ಅಲ್ಲಿ ತಡೀತದ. ಕಬ್ಬಿಣ ಇದ್ದರಂತೂ ದಾಟೂದಽ ಇಲ್ಲ. ಕಾಲಿನ ಕೆಳಗ ಪಟಾ ಇಡ್ತೀನಿ. ದಾಟಿ ಬಂದ ಬೆಳಕು ಬಿದ್ದಲ್ಲಿ ಅದು ಕಪ್ಪಾಗ್ತದ, ಬೆಳಕು ಬೀಳದಲ್ಲಿ ಬೆಳ್ಳಗ ಉಳೀತದ. ಬರೇ ನೆರಳಿನ ಆಟ. ಅಂಜೂದು ಏನೂ ಇಲ್ಲ."

ಕಬ್ಬಿಣ ಎಂಬ ಮಾತು ಬಂದಾಗ ಗೆಜ್ಜೆಯನ್ನು ಮುಷ್ಟಿಯೊಳಗೆ ಒತ್ತಿ ಹಿಡಿದೆ.

"ಚೇಳು ಎಲ್ಲಿ ಕಡದಿತ್ತು?"

"ಹಿಂಬಡದ ಮ್ಯಾಲ್ರಿ," ಎಂದೆ.

ಅವರು ಹಿಂಬಡದ ಕೆಳಗೆ ಪಟ ಇಟ್ಟರು, ಡಬ್ಬಿಯನ್ನು ಹಿಂಬಡದ ಮೇಲೆ ಸರಿಸಿದರು. "ಅಲುಗಬ್ಯಾಡ್ರಿ. ಉಸಿರು ಹಿಡೀರಿ." ತಗಡಿನ ಮರೆಯ ಹಿಂದೆ ಹೋಗಿ ಏನನ್ನೋ ಒತ್ತಿದರು. ಯಂತ್ರ ಗುಂಯ್‌ಗುಟ್ಟಿತು. ತಂತಿಗಳು ಚಿಟಚಿಟ ಅಂದವು. ಸಿಡಿಲು ಬಡಿದ ಮೇಲೆ ಬರುವಂಥ ವಾಸನೆ ಬಂತು. ನಾನು ಕಣ್ಣು ಮುಚ್ಚಿ, ಮನಸ್ಸಿನೊಳಗೆ ಇದ್ದದ್ದನ್ನೆಲ್ಲ ಮುಚ್ಚಿಡಲು ನೋಡಿದೆ. ಹತ್ತಿಯ ರಾಶಿ, ಗಿಳಿಯ ಕೊಕ್ಕು, ನೀಲವ್ವನ ಸೂಜಿ ಎಲ್ಲವೂ ಒಟ್ಟಿಗೇ ಮೇಲೆ ಬಂದವು.

ಅವರು ಪಟವನ್ನು ಪಕ್ಕದ ಕೋಣೆಗೆ ಒಯ್ದು ಔಷಧದ ನೀರಿನಲ್ಲಿ ತೊಳೆದು ತರುವಷ್ಟರಲ್ಲಿ ಒಂದು ಯುಗ ಕಳೆಯಿತು. ನೀರು ತೊಟ್ಟಿಕ್ಕುತ್ತಿದ್ದ ಪಟವನ್ನು ದೀಪದ ಪೆಟ್ಟಿಗೆಯ ಮುಂದೆ ಹಿಡಿದು ನೋಡಿದರು.

"ಏನೂ ಇಲ್ಲ. ಹಿಂಬಡಾ ಛಲೋ ಅದ. ಡಾಕ್ಟರಿಗೆ ಹೇಳ್ತೀನಿ, ಹೋಗ್ರಿ."

ನಾನು ಕೂತಲ್ಲಿಂದ ಏಳಲಿಲ್ಲ. ಏನೂ ಇಲ್ಲ ಎಂದರೆ ಸೂಜಿ ಹಿಂಬಡ ದಾಟಿಬಿಟ್ಟಿದೆ. ನನ್ನ ದಾರ ಹೇಳಿದ್ದು ಸರಿ. ಅದು ಮೇಲಕ್ಕೆ ಹೊರಟಿದೆ. ಎಲ್ಲವನ್ನೂ ಕಾಣುವ ಯಂತ್ರ ನಾನು ತೋರಿಸಿದ ಕಡೆಯನ್ನಷ್ಟೇ ನೋಡಿತ್ತು. ನಾನು ಸುಳ್ಳು ತೋರಿಸಿದರೆ ಅದು ಸುಳ್ಳನ್ನೇ ಶುದ್ಧವಾಗಿ ಬರೆದುಕೊಡುತ್ತದೆ. ಈಗ ಬಾಯಿ ತೆರೆಯುವ ಕೆಲಸ ಮತ್ತೆ ನನ್ನದೇ ಆಯಿತು.

"ಎದೀದು ತಗೀರಿ ಮಾಸ್ತರ, ನಿಮ್ಮ ಕಾಲು ಬೀಳ್ತೀನಿ. ಎದೀದು ತಗೀರಿ!"

"ಎದಿಗೆ ಏನಾಗೇದ?"

ದಾವಲಿ ಮೇಜಿನ ಮೇಲೆ ಜ್ವರದ ಮಂಪರಿನಲ್ಲಿದ್ದಳು. ನಾನು ಅವರ ಹತ್ತಿರ ಹೋಗಿ ಪಿಸುಗುಟ್ಟಿದೆ. "ಚೇಳಲ್ರಿ. ಸೂಜಿ."

ಅವರು ನನ್ನ ಮುಖದ ಹತ್ತಿರ ದೀಪ ತಂದು ನೋಡಿದರು. "ಎಲ್ಲಿ ಹೊಕ್ಕಿತ್ತು?"

ಅಂಗಾಲಿನಲ್ಲಿ ಬೆರಳ ಬುಡದ ಹಿಂದೆ ಬೆರಳಿಟ್ಟು ತೋರಿಸಿದೆ. "ಆದರ ಅದು ಈಗ ಅಲ್ಲಿಲ್ರಿ, ಎದಿಗೆ ಹೊಂಟೈತಿ. ನಾ ಅಳದೀನಿ."

"ಜನ ಹೇಳಿದಷ್ಟು ದೂರ ಸೂಜಿ ನಡಿಯೂದಿಲ್ಲ ತಂಗೀ. ಹೊಕ್ಕಲ್ಲೇ ನೋಡೋಣು."

"ಅಪ್ಪಗ ಹೇಳಬ್ಯಾಡ್ರಿ."

"ಸೂಜಿ ಎಲ್ಲದ ಅನ್ನೂದಷ್ಟ ನನಗ ಬೇಕು. ಯಾರದು ಅಂತ ಯಂತ್ರಾನೂ ಕೇಳೂದಿಲ್ಲ, ನಾನೂ ಕೇಳೂದಿಲ್ಲ."

ಮತ್ತೆ ಎರಡು ಪಟ ತೆಗೆದರು, ಒಂದು ಮೇಲಿನಿಂದ, ಒಂದು ಮಗ್ಗುಲಿನಿಂದ. ಯಾಕೆ ಎರಡು ಎಂದು ಕೇಳಿದೆ. ಒಂದೇ ನೆರಳು ನೋಡಿದರೆ ಸೂಜಿ ಯಾವ ಎಲುಬಿನ ಹತ್ತಿರ ಎಂದು ತಿಳಿಯುತ್ತದೆ, ಎಷ್ಟು ಆಳ ಎಂದು ತಿಳಿಯುವುದಿಲ್ಲ, ಕೊಯ್ಯುವ ಡಾಕ್ಟರರಿಗೆ ಎರಡೂ ಬೇಕು ಎಂದರು. ಮೇಲಿನಿಂದ ತೆಗೆಯುವಾಗ ದಾವಲಿ ಕಾಲು ಜಗ್ಗಿದಳು. ನಾನು ಗಟ್ಟಿಯಾಗಿ ಹಿಡಿದೆ. ಹಾಗಾಗಿ ನನ್ನ ನಾಲ್ಕು ಬೆರಳೂ ಆ ಪಟದೊಳಗೆ ಬಂದವು.

"ಸಿಕ್ತು ನೋಡು" ಎಂದು ಅವರು ಪಟ ಹಿಡಿದಾಗ ಅರೆಕ್ಷಣ ನೋಡಿದೆ. ಎಲುಬುಗಳ ನಡುವೆ ಒಂದು ಬಿಳಿ ಗೆರೆ. ಪಕ್ಕದಲ್ಲಿ ನನ್ನ ಕೈಯ ಎಲುಬು, ಹಿತ್ತಾಳೆಯ ಉಂಗುರ ಸಮೇತ. ಸತ್ತ ಮೇಲಿನ ನನ್ನ ಕೈ ನನ್ನ ತಂಗಿಯ ಕಾಲು ಹಿಡಿದ ಹಾಗಿತ್ತು. ಮುಖ ತಿರುಗಿಸಿದೆ. ಮತ್ತೆ ಅದನ್ನು ನೋಡಲಿಲ್ಲ.

ಡಾಕ್ಟರರು ಮರುದಿನವೇ ಕೊಯ್ದು ತೆಗೆದರು; ಅವತ್ತು ಅವ್ವನೂ ಬಂದಿದ್ದಳು. ದಾವಲಿಯ ಜೀವ ಉಳಿಯಿತು. ಆದರೆ ಆರು ವಾರದ ಕೀವು ಒಂದು ಎಲುಬಿನ ಸಂದನ್ನು ತಿಂದಿತ್ತು. "ಮೊದಲಽ ತಂದಿದ್ದರ ಕಾಲು ಪೂರಾ ನೆಟ್ಟಗಾಗ್ತಿತ್ತು" ಎಂದರು. ತೆಗೆದದ್ದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಪಡಸಾಲೆಯ ಬೆಳಕಿಗೆ ಹೋಗಿ, ನಮಗೆಲ್ಲ ಬೆನ್ನು ಮಾಡಿ ಪೊಟ್ಟಣ ಬಿಚ್ಚಿದ. ಬಹಳ ಹೊತ್ತು ನಿಂತ. ಮತ್ತೆ ಮಡಿಚಿ ಟೋಪಿಯೊಳಗೆ ಇಟ್ಟುಕೊಂಡ.

"ಏನ್ರೀ ಅದು?" ಎಂದಳು ಅವ್ವ.

"ನಂದಽ. ದಬ್ಬಣದ ಮೊನಿ. ಮುರದಿತ್ತು, ನಾ ಹುಡುಕಲಿಲ್ಲ."

ಅವ್ವ ದವಾಖಾನೆ ಎಂಬುದನ್ನೂ ಮರೆತು ಕೂಗಾಡಿದಳು. "ಊರ ಮಂದಿಗೆಲ್ಲ ಹೇಳಾವ್ರು ನೀವು! ಸ್ವಂತ ಕೂಸಿನ ಕಾಲಾಗ ಇಟ್ರಿ!" ಅಪ್ಪ ತಲೆ ತಗ್ಗಿಸಿ ನಿಂತಿದ್ದ. ನಾನು ಎರಡು ಮಾರು ದೂರದಲ್ಲಿ, ಕೈಯಲ್ಲಿ ದಾವಲಿಯ ಗೆಜ್ಜೆ ಹಿಡಿದು ನಿಂತಿದ್ದೆ. ಅಪ್ಪ ಮೋಸ ಹೋದ, ನಾನು ಉಳಿದೆ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಮನೆಗೆ ಬಂದ ದಿನ ಅಪ್ಪ ನನ್ನನ್ನು ಕರೆದು ಕೇಳಿದ. "ಖಾಸಿಂ, ನಿನ್ನ ಸೂಜಿ ಎಲ್ಲೈತಿ?"

ನೀಲವ್ವನ ಸೂಜಿ ತಂದು ತೋರಿಸಿದೆ. ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ ನನಗೇ ಕೊಟ್ಟ. "ಛಲೋ. ಲಗ್ನಕ್ಕ ಎರಡು ತಿಂಗಳೂ ಇಲ್ಲ. ಗಿಳಿ ಲಗೂ ಮುಗಸು."

ನನ್ನ ಲಗ್ನ ನಿಲ್ಲಲಿಲ್ಲ. ದಾವಲಿಗೆ ಬಂದ ಗಂಡುಗಳು ಆಕೆ ನಡೆಯುವುದನ್ನು ನೋಡಿ ಎದ್ದುಹೋದರು, ಒಬ್ಬರಾದ ಮೇಲೆ ಒಬ್ಬರು. ಪ್ರತಿ ಸಲವೂ ಅವ್ವ ಅಪ್ಪನ ಕೈ ತೋರಿಸಿ, "ಈ ಕೈ, ಈ ಕೈ" ಎಂದು ಅಳುವಳು. ತವರಿಗೆ ಬಂದಾಗಲೆಲ್ಲ ನಾನು ಅದನ್ನು ಕೇಳಿದೆ. ಕೇಳಿ ಬುತ್ತಿ ಕಟ್ಟಿಕೊಂಡು ಗಂಡನ ಮನೆಗೆ ಹೋದೆ. ಅಪ್ಪ ಹತ್ತಿಯ ರಾಶಿಯ ಮುಂದೆ ಕೂತು ಬಿಲ್ಲು ಹಿಡಿಯುವ ಮೊದಲು ಪ್ರತಿ ಹಿಡಿಯನ್ನೂ ಅಂಗೈಯಲ್ಲಿ ಒತ್ತಿ ನೋಡುವುದನ್ನು ಸಾಯುವವರೆಗೆ ಬಿಡಲಿಲ್ಲ. ಅವ್ವ ಮುಖ ತೊಳೆದುಕೊಂಡು ಬರಲು ಹೇಳುವುದನ್ನು ಬಿಟ್ಟಿದ್ದಳು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಈ ಮನೆಗೇ ಬಂದೆ. ಆ ಹೊತ್ತಿಗೆ ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ಇದ್ದದ್ದು ದಾವಲಿ, ಆಕೆ ಹೊಲಿಯುವ ಕೌದಿಗಳು, ಮತ್ತೆ ಅಪ್ಪನ ಟ್ರಂಕು. ಡಾಕ್ಟರರ ಹತ್ತಿರ ಕೇಳಿ ಅಪ್ಪ ತಂದಿಟ್ಟುಕೊಂಡ ಪಟ ಅದರೊಳಗೆ ಇದೆ ಎಂದು ನನಗೆ ಗೊತ್ತಿತ್ತು. ಯಾಕೆ ತಂದ ಎಂಬುದು ಮಾತ್ರ ತಿಳಿದಿರಲಿಲ್ಲ.

ಕಿಟಕಿಗೆ ಪಟ ಬಂದ ಆರನೆಯ ದಿನ ಮೋಡ ಕವಿದಿತ್ತು. ಬೆಳಕು ಮೆತ್ತಗಿತ್ತು. ಇವತ್ತು ನೋಡಬಹುದು ಎಂಬ ಧೈರ್ಯ ಬಂತು. ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನೋಡಿದೆ. ಬಿಳಿ ಗೆರೆ ಕೂದಲಿಗಿಂತ ಸ್ವಲ್ಪ ದಪ್ಪ. ಅದರ ಒಂದು ತುದಿಯ ಹತ್ತಿರ, ಗೆರೆಯೊಳಗೇ, ಒಂದು ಕಪ್ಪು ಚುಕ್ಕೆ. ಧೂಳು ಎಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಮಾಸ್ತರರ ಪಾಠ ನೆನಪಾಯಿತು. ಬೆಳಕು ದಾಟಿದಲ್ಲಿ ಕಪ್ಪು. ಕಬ್ಬಿಣದೊಳಗೆ ಬೆಳಕು ದಾಟಬೇಕಾದರೆ ಅಲ್ಲಿ ತೂತು ಇರಬೇಕು.

ಅದು ದಾರ ಪೋಣಿಸುವ ತೂತು.

ಮುರಿದ ದಬ್ಬಣದ ಮೊನೆಗೆ ದಾರದ ತೂತು ಇರುವುದಿಲ್ಲ. ಕೂದಲಿನ ದಪ್ಪದ ದಬ್ಬಣ ಲೋಕದಲ್ಲೇ ಇಲ್ಲ. ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಮನುಷ್ಯನಿಗೆ, ಆ ಸೂಜಿಯನ್ನು ದುರ್ಗದಬೈಲಿನಲ್ಲಿ ತಾನೇ ಆರಿಸಿ ತಂದ ಮನುಷ್ಯನಿಗೆ, ಪಡಸಾಲೆಯ ಬೆಳಕಿನಲ್ಲಿ ಅದು ಕಾಣದೆ ಇದ್ದೀತೇ? ಅಪ್ಪನಿಗೆ ಆಗಲೇ ಗೊತ್ತಿತ್ತು. ನನ್ನ ಲಗ್ನಕ್ಕೆ ಎರಡು ತಿಂಗಳೂ ಇರಲಿಲ್ಲ. ಸೂಜಿಯನ್ನು ಟೋಪಿಯೊಳಗೆ ಇಟ್ಟು ಎಲ್ಲೋ ಎಸೆದ. ಪಟವನ್ನು ಬೇರೆ ಯಾರೂ ಬೆಳಕಿಗೆ ಹಿಡಿಯದ ಹಾಗೆ ತಂದು ಟ್ರಂಕಿನ ತಳದಲ್ಲಿ ಇಟ್ಟ. ನನ್ನನ್ನು ಕರೆದು ಒಂದು ಸಲ ಕೇಳಿದ. ಅದು ಸೂಜಿ ಕೇಳಿದ್ದಲ್ಲ, ನನ್ನನ್ನು ಕೇಳಿದ್ದು. ನಾನು ನೀಲವ್ವನ ಸೂಜಿ ತೋರಿಸಿದೆ.

ಅಪ್ಪನ ಹತ್ತಿರ ಹೇಳುವ ದಿನ ಯಾವತ್ತೋ ಮುಗಿದಿದೆ. ಉಳಿದವಳು ದಾವಲಿ. ಆಕೆ ಈಗಲೂ ಕೌದಿ ಹೊಲಿಯುವಾಗ, ಸೂಜಿ ಕೆಳಗೆ ಬಿದ್ದರೆ, "ಅಪ್ಪನಂಗ ಮರತಬಿಡತೀನಿ" ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ. ಆ ಮಾತು ಬಂದಾಗಲೆಲ್ಲ ನಾನು ಒಲೆಯ ಕಡೆ ತಿರುಗುತ್ತೇನೆ. ಬಾಯಿಂದ ಹೇಳಲಾರೆ ಎಂದು ಗೊತ್ತಾಗಿ ಬರೆದೆ. ಬರೆದ ಮೇಲೆ ಹೊಳೆಯಿತು, ದಾವಲಿ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಆ ವರ್ಷವೇ ಸೇರಿಸಬೇಕೆಂದಿದ್ದರು, ಕಾಲಿನ ನೋವಿಗೆ ಕಳಿಸಲಿಲ್ಲ. ನಾನು ಬರೆದದ್ದನ್ನು ನಾನೇ ಓದಿ ಹೇಳಬೇಕು.

ಈಗ ಆಕೆ ಕಿಟಕಿಯ ಕೆಳಗೆ ಕೂತು ಕೌದಿಗೆ ಅಂಚು ಹಾಕುತ್ತಿದ್ದಾಳೆ.

"ನಾಕು ದಿನಾ ಆತು, ಏನ್ ಬರ್ಯಾಕತ್ತೀಬೇ ಅಕ್ಕಾ? ಆಸ್ತಿ ಯಾರಿಗಿ ಬರದಿ?"

"ನಿನಗ."

"ನನಗೇನ ಓದಾಕ ಬರತೈತೇನ? ನೀನಽ ಓದು."

ಹಾಳೆಗಳನ್ನು ಕೈಗೆ ತೆಗೆದುಕೊಂಡೆ. ಅವು ಗಾಳಿಯಿಲ್ಲದೆ ಅಲುಗುತ್ತಿದ್ದವು. ಅಕ್ಷರ ಒಂದೂ ನಿಲ್ಲುತ್ತಿರಲಿಲ್ಲ. ದಾವಲಿ ಸೂಜಿಯನ್ನು ಕೌದಿಗೆ ಸಿಕ್ಕಿಸಿಟ್ಟು, ಕಾಲೆಳೆದುಕೊಂಡು ಹತ್ತಿರ ಬಂದು, ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು.

"ಅಲುಗಬ್ಯಾಡ. ನಾ ಹಿಡದೀನಿ. ಓದೀಗ."